ಮೇಷ್ಟ್ರ ಬಚ್ಚಲಿಗೆ ಸೊನ್ನೆ ವಾಟ

ರಾಜಾನುಕುಂಟೆಯ ಮುನಿಕೃಷ್ಣಮ್ಮ ಟೈಲ್ಸ್ ಹಾಕಿದ ಬಚ್ಚಲಿನಲ್ಲಿ ನೀರು ನಿಂತಿತು ಎಂದು ಯಾರೂ ಅವಳಿಗೆ ಫೋನ್ ಮಾಡಿದ್ದಿಲ್ಲ. ಯಲಹಂಕದಿಂದ ಬ್ಯಾಟರಾಯನಪುರದವರೆಗೆ, ಅಲ್ಲಿಂದ ತಣಿಸಂದ್ರದವರೆಗೆ ಅವಳ ಕೈ ಸೋಕಿದ ಮನೆಗಳು ಎಷ್ಟೋ. ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರಿಗೆ ಗಾರೆಯವರು ವಾಟ ಎನ್ನುತ್ತಾರೆ. ಬಚ್ಚಲಾದರೆ ಆರಡಿಗೆ ಒಂದಿಂಚು. ಹೆಚ್ಚಾದರೆ ಮುದುಕರು ಜಾರುತ್ತಾರೆ, ಕಡಿಮೆಯಾದರೆ ಸೋಪಿನ ನೀರು ಮೂಲೆಯಲ್ಲಿ ಕೂತು ನಾರುತ್ತದೆ. ಮುನಿಕೃಷ್ಣಮ್ಮನ ಕೈಗೆ ಆ ಒಂದಿಂಚು ಎಷ್ಟು ಒಗ್ಗಿಹೋಗಿತ್ತೆಂದರೆ, ಅವಳು ದೋಸೆ ಹುಯ್ದರೂ ಒಂದು ಕಡೆಗೆ ವಾಟ ಇರುತ್ತದೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು.

ಅವಳದೊಂದು ಪದ್ಧತಿ, ಅವಳಪ್ಪನಿಂದ ಬಂದದ್ದು. ಟೈಲ್ಸ್ ಹಾಕಿ ಒಂದು ದಿನ ಒಣಗಲು ಬಿಡುವುದು. ಮಾರನೆಯ ಬೆಳಿಗ್ಗೆ ಮನೆಯ ಹಿರಿಯರ ಕೈಯಲ್ಲೇ ಬಚ್ಚಲಿನ ಮೂಲೆಗೆ ಒಂದು ಚೊಂಬು ನೀರು ಸುರಿಸುವುದು. ಆ ನೀರು ತಾನಾಗಿ ನಡೆದು ಜಾಲರಿ ಸೇರಿದ ಮೇಲೆಯೇ ಅವಳು ಎಲೆ ಅಡಿಕೆ ಮುಟ್ಟುವುದು.

ಇಂಥವಳು ಹೋದ ವರ್ಷ ಯಲಹಂಕ ನ್ಯೂಟೌನಿನ ಒಂದು ಮನೆಯಲ್ಲಿ ಬೇಕೆಂದೇ ವಾಟ ಇಲ್ಲದ ಬಚ್ಚಲು ಮಾಡಿದಳು. ಯಾಕೆ ಮಾಡಿದಳೆಂದು ಕೇಳಿದ ಮೇಲೆ ನೀವು ಅವಳ ಪಕ್ಷ ವಹಿಸಿದರೂ ಸರಿ, ಬಿಟ್ಟರೂ ಸರಿ. ನಾನಂತೂ ಅವಳ ಕಡೆ.

ಕೆಲಸಕ್ಕೆ ಕರೆದವನು ಸತೀಶ್ ಎಂಬ ಬ್ಯಾಂಕ್ ನೌಕರ. "ಅಪ್ಪಂಗೆ ಮಂಡಿ ಆಪರೇಷನ್ ಆಗಿದೆ ಅಕ್ಕಾ. ಹಳೇ ನೆಲ ಜಾರುತ್ತೆ. ಎಲ್ಲಾ ಕಿತ್ತು ಹೊಸದಾಗಿ ಮಾಡ್ಕೊಡಿ" ಎಂದು ಹೇಳಿ ಒಳಗೆ ಕರೆದುಕೊಂಡು ಹೋದ. ಹಾಲಿನಲ್ಲಿ ಒಬ್ಬ ಮುದುಕ ಕಾಲೇಜು ಓದುವ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಸ್ಕೇಲಿನಿಂದ ಮೇಜು ಬಡಿಯುತ್ತಿದ್ದರು.

"ಹಾರಿಜಾಂಟಲ್ ಲೈನು, ಸ್ಲೋಪ್ ಜೀರೋ. ವರ್ಟಿಕಲ್ ಲೈನು, ನಾಟ್ ಡಿಫೈನ್ಡ್. ಬಾಯಿಪಾಠ ಮಾಡ್ಕೋ ಸ್ನೇಹಾ, ಒಂದು ಮಾರ್ಕು ಗ್ಯಾರಂಟಿ."

ಮುನಿಕೃಷ್ಣಮ್ಮನ ಕಾಲು ಅಲ್ಲೇ ನಿಂತಿತು. ಕೂದಲು ಉದುರಿತ್ತು, ಕೆನ್ನೆ ಜೋತಿತ್ತು, ಆದರೆ ದನಿ ಅದೇ. ಸ್ಕೇಲು ಬಡಿಯುವ ತಾಳವೂ ಅದೇ. ವೆಂಕಟರಾಮಯ್ಯ ಮೇಷ್ಟ್ರು. ಅವರು ತಲೆಯೆತ್ತಿ ಅವಳನ್ನು ನೋಡಿ, "ಮೇಸ್ತ್ರಿ ಬರಲಿಲ್ಲವೇನಮ್ಮ?" ಎಂದು ಕೇಳಿದರು. ಅವಳೇ ಮೇಸ್ತ್ರಿ ಎಂದು ಸತೀಶ್ ಹೇಳಿದಾಗ, "ಓಹೋ" ಎಂದು ಮತ್ತೆ ಪುಸ್ತಕಕ್ಕೆ ತಿರುಗಿದರು. ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಚಪ್ಪಲಿಗೆ ಸಿಕ್ಕ ಇರುವೆಯ ಮುಖವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅದು ತೊಂಬತ್ತೆರಡನೆಯ ಇಸವಿ, ಅವಳು ಹತ್ತನೇ ಕ್ಲಾಸು. ಅಪ್ಪ ರಾಮಕೃಷ್ಣಪ್ಪ ಗಾರೆ ಮೇಸ್ತ್ರಿ. ಎಂಟು ವರ್ಷದವಳಾದಾಗಿನಿಂದ ರಜೆ ಬಂತೆಂದರೆ ಅಪ್ಪನ ಜೊತೆ ಹೋಗಿ ದಾರ ಹಿಡಿಯುವುದು, ತೂಕದ ಗುಂಡು ಇಳಿಬಿಡುವುದು ಅವಳ ಕೆಲಸ. ಒಂದು ದಿನ ವೆಂಕಟರಾಮಯ್ಯ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗೆರೆ ಎಳೆದರು. ಒಂದು ಮಲಗಿದ ಗೆರೆ, ಇನ್ನೊಂದು ನಿಂತ ಗೆರೆ. ಎರಡರ ಇಳಿಜಾರೂ ಹೇಳಿ ಎಂದರು. ಇಡೀ ಕ್ಲಾಸು ತಲೆ ತಗ್ಗಿಸಿತು. ಮುನಿಕೃಷ್ಣಮ್ಮ ಮಾತ್ರ ಕೈ ಎತ್ತಿದಳು. ಗಣಿತದ ಪೀರಿಯಡ್ಡಿನಲ್ಲಿ ಅವಳು ಕೈ ಎತ್ತಿದ್ದು ಅದೇ ಮೊದಲು, ಅದೇ ಕೊನೆ.

ಮಲಗಿದ ಗೆರೆಗೆ ಸೊನ್ನೆ ಎಂದಳು. ಮೇಷ್ಟ್ರು "ಭೇಷ್" ಎಂದರು. ನಿಂತ ಗೆರೆಗೂ ಸೊನ್ನೆ ಎಂದಳು.

ಅವಳಿಗೆ ಹಾಗೆ ತೋಚಿದ್ದರಲ್ಲಿ ಸೋಜಿಗವೇನೂ ಇಲ್ಲ. ಗುಂಡು ಇಳಿಬಿಟ್ಟಾಗ ದಾರಕ್ಕೂ ಗೋಡೆಗೂ ಮೇಲೆ ಎರಡಿಂಚು, ಕೆಳಗೂ ಎರಡಿಂಚು ಇದ್ದರೆ ಅಪ್ಪ "ಸೊನ್ನೆ, ಒಂದ್ಕೂದ್ಲೂ ಓರೆಯಿಲ್ಲ" ಎನ್ನುತ್ತಿದ್ದ. ಗಾರೆಯವರ ಮಕ್ಕಳ್ಯಾರಾದರೂ ಅದನ್ನೇ ಹೇಳುತ್ತಿದ್ದರು. ಗೋಡೆಗೆ ಎಲ್ಲಿಯ ವಾಟ?

ಮೇಷ್ಟ್ರು ನಕ್ಕರು. ಅವರು ನಕ್ಕ ಮೇಲೆ ಕ್ಲಾಸೂ ನಕ್ಕಿತು. "ಮಲಗಿದವನಿಗೂ ಸೊನ್ನೆ, ನಿಂತವನಿಗೂ ಸೊನ್ನೆ! ನಿಮ್ಮಪ್ಪ ಕಟ್ಟಿದ ಗೋಡೆ ಮಲಗಿಬಿಡುತ್ತೇನಮ್ಮ? ಏರು ಬೆಂಚು" ಎಂದರು. ಅವಳು ಬೆಂಚಿನ ಮೇಲೆ ನಿಂತೇ, "ಮತ್ತೆಷ್ಟು ಸಾ?" ಎಂದು ಕೇಳಿದಳು. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ.

"ನಿನಗ್ಯಾಕೆ ಅದು? ಸಿಮೆಂಟ್ ಬಾಂಡ್ಲಿ ಹೊರೋದಕ್ಕೆ ಸ್ಲೋಪು ಬೇಕೇನು?"

ಮತ್ತೆ ನಗು. ಅಂದಿನಿಂದ ಅವಳ ಹೆಸರು ಜೀರೋ ಆಯಿತು. ಎದುರು ಪ್ರಶ್ನೆ ಕೇಳುತ್ತಾಳೆ ಎಂದು ಮೇಷ್ಟ್ರು ಅಪ್ಪನನ್ನೂ ಕರೆಸಿದರು. ರಾಮಕೃಷ್ಣಪ್ಪ ಸಿಮೆಂಟು ಮೆತ್ತಿದ ಕಾಲಲ್ಲೇ ಓಡಿಬಂದು, ಸ್ಕೂಲಿನ ಜಗಲಿ ಹತ್ತದೆ ಕೆಳಗೇ ನಿಂತು ಕೈ ಮುಗಿದ. "ಇವಳಿಗೆ ಗಣಿತ ಹತ್ತೋದಿಲ್ಲ ರಾಮಕೃಷ್ಣಪ್ಪ. ಸುಮ್ಮನೆ ಫೇಲಾಗೋದಕ್ಕೆ ಯಾಕೆ ಕಳಿಸ್ತೀಯ? ನಿನ್ನ ಜೊತೆ ಕೆಲಸಕ್ಕೆ ಹಾಕ್ಕೋ" ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಪರೀಕ್ಷೆಗೆ ಮೂರು ತಿಂಗಳಿತ್ತು. ಅಪ್ಪ ಮಾರನೆಯ ದಿನವೇ ಅವಳ ಕೈಗೆ ಬಾಂಡ್ಲಿ ಕೊಟ್ಟ. "ಮೇಷ್ಟ್ರೇ ಏಳಿದ್ಮ್ಯಾಲೆ ಇನ್ನೇನೈತವ್ವ?" ಎಂದ. ಅವನ ಜೊತೆ ನಿಂತು ಅಡಿ, ಇಂಚು, ಚದರ ಎಲ್ಲವನ್ನೂ ಬಾಯಲ್ಲೇ ಗುಣಿಸುತ್ತಿದ್ದ ಮಗಳ ಬಗ್ಗೆ, ಸಾಯುವವರೆಗೂ, "ನಮ್ ಉಡ್ಗೀಗೆ ಲೆಕ್ಕ ಅತ್ತಾಕಿಲ್ಲ" ಎಂದೇ ಹೇಳಿಕೊಂಡು ಓಡಾಡಿದ. ಮುನಿಕೃಷ್ಣಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇದಕ್ಕೆ. ತನ್ನನ್ನು ಬೆಂಚು ಹತ್ತಿಸಿದ್ದು ಹೋಗಲಿ, ಅಪ್ಪನ ಬಾಯಲ್ಲೂ ಆ ಮಾತನ್ನು ಬಿತ್ತಿಬಿಟ್ಟಿದ್ದರು.

ತನ್ನ ಉತ್ತರ ಯಾಕೆ ತಪ್ಪು ಎಂಬುದು ಅವಳಿಗೆ ಗೊತ್ತಾದದ್ದು ಹತ್ತು ವರ್ಷಗಳ ಹಿಂದೆ, ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಗಾಲಿಕುರ್ಚಿ ಹತ್ತುವ ಇಳಿಜಾರು ಕಟ್ಟುತ್ತಿದ್ದರು. ಹನ್ನೆರಡಡಿಗೆ ಒಂದಡಿ ಏರಬೇಕು. ಗೋಡೆಗೆ ಒಂದಡಿ ಎತ್ತರದಲ್ಲಿ ಕಟ್ಟಿದ ದಾರದ ನೆಲದ ತುದಿಯನ್ನು, ಜಾಗ ಸಾಲದೆ, ಗೋಡೆಯ ಕಡೆಗೆ ಒಳಕ್ಕೆ ತಂದಳು. ಆರಡಿಗೆ ಒಂದು. ಇನ್ನೂ ಒಳಕ್ಕೆ, ಮೂರಕ್ಕೆ ಒಂದು. ಆಮೇಲೆ ಸುಮ್ಮನೆ ಕುತೂಹಲಕ್ಕೆ ಒಂದಕ್ಕೆ ಒಂದು, ಅರ್ಧ ಅಡಿಗೆ ಒಂದು, ಕಾಲಡಿಗೆ ಒಂದು ಎಂದು ತರುತ್ತಾ ಹೋದಳು. ದಾರ ನೆಟ್ಟಗಾದಷ್ಟೂ ವಾಟ ಹೆಚ್ಚುತ್ತಲೇ ಹೋಯಿತು. ಕೊನೆಗೆ ದಾರ ಗೋಡೆಗೆ ಅಂಟಿಕೊಂಡಿತು. ಈಗ ಎಷ್ಟಡಿಗೆ ಒಂದು? ಮುಂದಕ್ಕೆ ಅಡಿಯೇ ಇಲ್ಲ. ಅಡಿಯೇ ಇಲ್ಲದ ಮೇಲೆ ಅಡಿಗೆ ಎಷ್ಟು ಎಂದು ಹೇಗೆ ಕೇಳುವುದು? ಸೊನ್ನೆಯಂತೂ ಅಲ್ಲ. ಅವಳು ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟಳು. ಟೈಲ್ಸ್ ಕತ್ತರಿಸುವ ಗೌಹರ್, ಹದಿನಾಲ್ಕು ವರ್ಷದಿಂದ ಜೊತೆಯಲ್ಲಿದ್ದವನು, ಏನಾಯಿತೆಂದು ಗಾಬರಿಯಿಂದ ನೀರು ತಂದುಕೊಟ್ಟ. ಅವಳು ಅಳುತ್ತಿದ್ದಳು. ತಿಳಿದ ಖುಷಿಗಲ್ಲ, ಸಿಟ್ಟಿಗೆ. ಇಷ್ಟೇನಾ? ಒಂದು ದಾರ ಹಿಡಿದು ತೋರಿಸಿದ್ದರೆ ಅವತ್ತೇ ತಿಳಿಯುತ್ತಿತ್ತಲ್ಲ! ಅಂದು ಗೌಹರ್‌ಗೆ ಎಲ್ಲವನ್ನೂ ಹೇಳಿದಳು. ಅಲ್ಲಿಯವರೆಗೆ ಬೂದಿ ಮುಚ್ಚಿದ್ದ ಕೆಂಡ ಅವತ್ತಿನಿಂದ ಧಗಧಗ ಉರಿಯಿತು.

ಈಗ ಆ ಮೇಷ್ಟ್ರ ಬಚ್ಚಲೇ ಅವಳ ಕೈಗೆ ಬಂದಿತ್ತು. ಹಳೆಯ ನೆಲ ಕಿತ್ತ ದಿನ ಅವಳು ನೆಲದ ಮಟ್ಟ ನೋಡುವ ರಸಮಟ್ಟವನ್ನು ಕೈಗೆತ್ತಿಕೊಂಡು ಗೌಹರ್‌ಗೆ, "ಈ ನೆಲಕ್ಕೆ ವಾಟ ಇಲ್ಲ. ರಸಮಟ್ಟ ಇಟ್ರೆ ಗುಳ್ಳೆ ನಡುವೆ ನಿಂತಿರ್ಬೇಕು, ಅಂಗೆ ಆಕ್ಬೇಕು" ಎಂದಳು.

"ಅಕ್ಕಾ, ನೀರು ನಿಂತ್ಕೊಳ್ಳುತ್ತೆ."

"ನಿಂತ್ಕೊಳ್ಲಿ ಅಂತಾನೇ."

"ಬುಡ್ಡಾ ಬಿದ್ದು ಗಿದ್ದು ಹೋದ್ರೆ?"

"ಒರಟು ಟೈಲ್ಸ್ ತರ್ಸಿದೀನಿ, ಬೀಳಾಕಿಲ್ಲ. ಆ ವಯ್ಯ ಬೀಳೋದು ನಂಗೆ ಬ್ಯಾಡ. ದಿನಾ ಬೆಳಿಗ್ಗೆ ತಣ್ಣೀರಾಗೆ ಕಾಲಿಟ್ಕೊಂಡು ನಿಂತ್ಕೋಬೇಕು. ಪೊರಕೆ ಇಡ್ದು ನೀರು ತಳ್ಬೇಕು. ಸಾಯೋಗಂಟ ತಳ್ಬೇಕು."

ಮಟ್ಟಸ ನೆಲ ಹಾಕುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ಹೇಳಿದರೆ ನಗುತ್ತೀರಿ. ಗಾರೆ ಸವರುವ ಕರಣೆ ತಾನಾಗಿ ಜಾಲರಿಯ ಕಡೆ ಇಳಿಯುತ್ತಿತ್ತು. ಮೂರು ಸಲ ಟೈಲ್ಸ್ ಎಬ್ಬಿಸಿ ಮತ್ತೆ ಕೂರಿಸಿದಳು. ಕೈಗೆ ಬೈದುಕೊಂಡಳು. ಸಂಜೆ ಮುಗಿಯುವಾಗ ರಸಮಟ್ಟದ ಗುಳ್ಳೆ ಎಲ್ಲಿಟ್ಟರೂ ನಡುವೆಯೇ ನಿಂತಿತ್ತು. ಇಷ್ಟು ಅಚ್ಚುಕಟ್ಟಾದ ಕೆಟ್ಟ ಕೆಲಸವನ್ನು ಅವಳು ಜೀವಮಾನದಲ್ಲಿ ಮಾಡಿರಲಿಲ್ಲ.

ಒಂದು ದಿನ ಒಣಗಲು ಬಿಟ್ಟರು. ಮರುದಿನ ಬೆಳಿಗ್ಗೆ ಚೊಂಬು ನೀರು ಮೇಷ್ಟ್ರ ಕೈಗೆ ಕೊಟ್ಟಳು. ಬಾಗಿಲ ಬಳಿ ಸತೀಶ್, ಅವನ ಹಿಂದೆ ಸ್ನೇಹಾ. ಮೇಷ್ಟ್ರು ಮೂಲೆಗೆ ನೀರು ಸುರಿದರು. ನೀರು ಅಗಲವಾಗಿ ಹರಡಿ, ಮೇಷ್ಟ್ರ ಕಾಲ್ಬೆರಳುಗಳನ್ನು ನೆನೆಸಿ, ನಿಂತುಬಿಟ್ಟಿತು. ಜಾಲರಿ ಒಣಗಿಕೊಂಡೇ ಇತ್ತು.

"ಇದೇನ್ರೀ ಅಕ್ಕಾ? ನಿಮ್ಮ ಕೆಲಸದ ಬಗ್ಗೆ ಅಷ್ಟೊಂದು ಹೇಳಿದ್ರು!" ಎಂದ ಸತೀಶ್.

ಮುನಿಕೃಷ್ಣಮ್ಮ ಅವನ ಕಡೆ ತಿರುಗಲಿಲ್ಲ. ರಸಮಟ್ಟವನ್ನು ನೀರಿನ ನಡುವೆ ಇಟ್ಟು, "ಸಾ, ಇದು ಮಲಗಿದ್ ಗೆರೆ. ಇದ್ರ ಇಳಿಜಾರೆಷ್ಟು?" ಎಂದು ಕೇಳಿದಳು.

"ಸೊನ್ನೆ" ಎಂದರು ಮೇಷ್ಟ್ರು. ಪ್ರಶ್ನೆ ಬಿದ್ದರೆ ಉತ್ತರ ಕೊಡುವುದು ಅವರ ಅಭ್ಯಾಸ.

"ಸರಿ. ಈ ಗೋಡೆ ನಿಂತಿರೋ ಗೆರೆ. ಇದ್ರದ್ದು?"

"ಅದನ್ನ ಹೇಳೋದಕ್ಕೆ ಬರೋದಿಲ್ಲಮ್ಮ. ನಾಟ್ ಡಿಫೈನ್ಡ್."

"ಯಾಕೆ ಸಾ?"

ಮೇಷ್ಟ್ರಿಗೆ ಉತ್ಸಾಹ ಬಂತು. ಒದ್ದೆ ಕಾಲನ್ನು ಮರೆತು ಗೋಡೆಯ ಮೇಲೆ ಬೆರಳಾಡಿಸಿದರು. "ನೋಡು, ಇಳಿಜಾರು ಅಂದ್ರೆ ಹಂಚೋದು. ಎಷ್ಟು ಇಳಿದೆ ಅನ್ನೋದನ್ನ ಎಷ್ಟು ಮುಂದೆ ನಡೆದೆ ಅನ್ನೋದಕ್ಕೆ ಹಂಚಬೇಕು. ಮಟ್ಟಸ ನೆಲದಲ್ಲಿ ನಡೀತೀಯ, ಇಳಿಯೋದಿಲ್ಲ. ಏನೂ ಇಲ್ಲದ್ದನ್ನ ಹತ್ತು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೂ ಸೊನ್ನೆ. ಗೋಡೆಯಲ್ಲಿ ಇಳೀತೀಯ, ಮುಂದಕ್ಕೆ ಒಂದು ಹೆಜ್ಜೆಯೂ ಇಲ್ಲ. ಹತ್ತು ಮುದ್ದೆ ಇದೆ, ಪಂಕ್ತೀಲಿ ಒಬ್ಬರೂ ಇಲ್ಲ. ಒಬ್ಬೊಬ್ಬರಿಗೆ ಎಷ್ಟು ಅಂತ ಕೇಳೋದೇ ತಪ್ಪು. ತಿಳೀತಾ?"

"ತಿಳೀತು ಸಾ" ಎಂದಳು ಮುನಿಕೃಷ್ಣಮ್ಮ. "ಎಷ್ಟ್ ಚೆಂದಾಗೇಳಿದ್ರಿ. ಅರ್ಧ ನಿಮಿಷ ಇಡೀಲಿಲ್ಲ. ಮೂವತ್ತೆಳ್ಡು ವರ್ಷದ್ ಇಂದೆ ನಿಮ್ಮತ್ರ ನಲವತ್ತು ನಿಮಿಷದ್ ಪೀರಿಯಡ್ ಇತ್ತು. ಅದ್ರಾಗೆ ಒಂದರ್ಧ ನಿಮಿಷ ನಂಗೆ ಸಿಗ್ನಿಲ್ವಲ್ಲ ಸಾ!"

ಆಮೇಲೆ ಹೇಳಿದಳು. ಬೆಂಚು, ನಗು, ಬಾಂಡ್ಲಿ, ಜಗಲಿಯ ಕೆಳಗೆ ಕೈ ಮುಗಿದು ನಿಂತಿದ್ದ ಅಪ್ಪ, ಒಂದನ್ನೂ ಬಿಡಲಿಲ್ಲ. ಕೇಳುತ್ತಾ ಸತೀಶ್ ಗೋಡೆ ನೋಡಿದ. ಮೇಷ್ಟ್ರು ಹುಬ್ಬು ಗಂಟಿಕ್ಕಿ ನೆನಪು ಕೆದಕಿದರು. ಏನೂ ಸಿಗಲಿಲ್ಲ. "ಯಾವ ಬ್ಯಾಚಮ್ಮ ನೀನು?" ಎಂದರು. ಆಮೇಲೆ, ತಾವು ನ್ಯಾಯವನ್ನೇ ಹೇಳುತ್ತಿದ್ದೇವೆ ಎನ್ನುವ ಹಾಗೆ, "ಗೊತ್ತಾಗಲಿಲ್ಲ ಅಂದ್ರೆ ಅವತ್ತೇ ಕೇಳಬಹುದಿತ್ತಲ್ಲ?" ಎಂದರು.

"ಕೇಳಿದ್ದೆ ಸಾ. 'ಮತ್ತೆಷ್ಟು ಸಾ' ಅಂದಿದ್ದೆ."

ಹಿಂದಿನಿಂದ ಸ್ನೇಹಾ ಮೆಲ್ಲಗೆ, "ತಾತ, ಈ ಮುದ್ದೆ ಲೆಕ್ಕ ನನಗೂ ನೀವು ಹೇಳಿರ್ಲಿಲ್ಲ" ಎಂದಳು.

ನೆಲ ಸರಿಮಾಡಿಕೊಡಿ ಎಂದು ಸತೀಶ್ ಕೇಳಿದ, ಬೇಡಿದ, ಕೊನೆಗೆ ಜೋರು ಮಾಡಿದ. "ಮಟ್ಟದಾಗೆ ಒಂದು ಕೂದ್ಲೆಳೆ ತಪ್ಪು ತೋರ್ಸಿ, ಮಾಡ್ಕೊಡ್ತೀನಿ" ಎಂದು ಹೇಳಿ ಮುನಿಕೃಷ್ಣಮ್ಮ ಹೊರಟೇಬಿಟ್ಟಳು. ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸಿನಲ್ಲಿ ಹತ್ತು ಸಲ ಅಂದುಕೊಂಡಳು.

ದೊಡ್ಡಬಳ್ಳಾಪುರ ರಸ್ತೆಯಲ್ಲಿ ಟೀ ಕುಡಿಯಲು ನಿಂತಾಗ ಗೌಹರ್ ಲೋಟ ಕೆಳಗಿಟ್ಟು ಹೇಳಿದ. "ಬೇಜಾರ್ ಮಾಡ್ಕೋಬೇಡ ಅಕ್ಕಾ. ನಾಳೆ ಆ ಬಚ್ಚಲು ನೋಡ್ದೋರೆಲ್ಲಾ ಏನಂತಾರೆ? ಮುನಿಕೃಷ್ಣಮ್ಮಂಗೆ ವಾಟ ಕೊಡೋಕೂ ಬರಲ್ಲ ಅಂತಾರೆ. ಆ ಮೇಷ್ಟ್ರು ಅವತ್ತು ಏನಂದ್ರೋ ಅದೇ ನಿಜ ಆಗೋಗುತ್ತೆ."

ಅವಳು ಟೀ ಪೂರ್ತಿ ಕುಡಿಯಲಿಲ್ಲ. ಗೌಹರ್ ಹೇಳಿದ್ದು ಸರಿಯಾಗಿ ನಾಟಿತ್ತು. ತನ್ನ ಹೆಸರನ್ನು ತಾನೇ ಸೊನ್ನೆ ಮಾಡಿಕೊಂಡು ಮೇಷ್ಟ್ರಿಗೆ ಗೆಲುವು ಕೊಟ್ಟು ಬಂದಿದ್ದಳು. ಕೈಯಾರೆ ಕೊಟ್ಟಿದ್ದಳು! ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ದಯೆ, ಕರುಣೆ, ಮುದುಕರು ಪಾಪ ಎನ್ನುವುದೇನೂ ಅವಳ ತಲೆಗೆ ಬರಲಿಲ್ಲ, ಬಂತೆಂದು ನಾನು ಸುಳ್ಳು ಹೇಳುವುದೂ ಇಲ್ಲ. ಮಾರನೆಯ ದಿನ ಎಂಟು ಗಂಟೆಗೆ ಮೇಷ್ಟ್ರ ಮನೆಯ ಮುಂದೆ ಉಳಿ, ಸುತ್ತಿಗೆ, ಸ್ವಂತ ಖರ್ಚಿನ ಟೈಲ್ಸ್ ಇಳಿಸಿದಳು. ಯಾರ ಜೊತೆಗೂ ಮಾತಾಡದೆ ಇಡೀ ನೆಲ ಒಡೆದಳು. ಸಂಜೆಯೊಳಗೆ ಹೊಸ ನೆಲ ಹಾಕಿದಳು. ಈ ಸಲ ಕರಣೆ ಹೇಳಿದ ಹಾಗೆ ಕೇಳಿತು.

ಒಣಗಿದ ಮೇಲೆ ನೀರು ಬಿಡುವ ದಿನ ಬಂತು. ಆ ಬೆಳಿಗ್ಗೆ ಪಕ್ಕದ ಮನೆಯ ಮುನಿಆಂಜಿನಪ್ಪನವರೂ ಬಂದು ನಿಂತಿದ್ದರು. ಹಳೇ ಊರಿನ ಒಕ್ಕಲು ಮನೆತನ, ಈಗ ತಣಿಸಂದ್ರದ ತಮ್ಮ ಹೊಲದಲ್ಲೇ ಫ್ಲ್ಯಾಟು ಕಟ್ಟಿಸುವವರು. ಕಿವಿ ಸ್ವಲ್ಪ ಮಂದ. ಸುತ್ತಿಗೆ ಸದ್ದಿನ ಕಾರಣ ವಿಚಾರಿಸಿಕೊಂಡು ಬಂದವರು ಕೆಲಸ ನೋಡುತ್ತಾ ಉಳಿದಿದ್ದರು. ಮೇಷ್ಟ್ರು ಚೊಂಬು ಬಗ್ಗಿಸಿದರು. ನೀರು ಮೂಲೆಯಲ್ಲಿ ಒಂದು ಗಳಿಗೆಯೂ ತಂಗದೆ ಟೈಲ್ಸಿನ ಮೇಲೆ ಸರಸರನೆ ನಡೆದು ಜಾಲರಿಯೊಳಗೆ ಇಳಿಯಿತು. ನೆಲದಲ್ಲಿ ಒಂದು ಹನಿಯೂ ನಿಲ್ಲಲಿಲ್ಲ.

"ಏನ್ ಕೈಯಮ್ಮಾ ನಿಂದು!" ಎಂದರು ಮುನಿಆಂಜಿನಪ್ಪ. "ತಣಿಸಂದ್ರದಾಗೆ ನಮ್ದು ನಲವತ್ತು ಬಚ್ಚಲು ಕೆಲಸ ಐತೆ. ಮಾಡ್ಕೊಡ್ತೀಯಾ?"

ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದೆ ಸೆಟೆಸಿ ನಿಂತರು. "ನನ್ನ ಹಳೇ ಸ್ಟೂಡೆಂಟು ಕಣ್ರೀ ಇವಳು. ಸ್ಲೋಪಿನ ಪಾಠ ನಾನೇ ಮಾಡಿದ್ದು. ಅದಕ್ಕೇ ಇಷ್ಟು ಕರಾರುವಾಕ್ಕು" ಎಂದರು.

ಮೊನ್ನೆ ಅಷ್ಟೆಲ್ಲಾ ಕೇಳಿಸಿಕೊಂಡ ಮನುಷ್ಯ! ಗೌಹರ್ ಅವಳ ಕಡೆ ನೋಡಿ, ಬೇಡ ಅಕ್ಕಾ ಎನ್ನುವಂತೆ ತಲೆಯಾಡಿಸಿದ. ನಲವತ್ತು ಬಚ್ಚಲೆಂದರೆ ಅವನ ಮನೆಯ ಒಲೆಯೂ ವರ್ಷವೆಲ್ಲಾ ಉರಿಯುವ ಮಾತು. ದೊಡ್ಡವರನ್ನು ದೊಡ್ಡವರ ಎದುರಿಗೇ ಅವಮಾನ ಮಾಡುವ ಹೆಂಗಸಿಗೆ ಯಾರು ಕೆಲಸ ಕೊಡುತ್ತಾರೆ? ಮುನಿಕೃಷ್ಣಮ್ಮನಿಗೂ ಇದು ಗೊತ್ತಿತ್ತು. ಒಂದು ನಗೆ ನಕ್ಕು ಎಲೆ ಅಡಿಕೆ ಈಸಿಕೊಂಡರೆ ಮುಗಿಯುತ್ತಿತ್ತು. ಆದರೆ ನಕ್ಕರೆ, ಅಪ್ಪ ಸಾಯುವವರೆಗೂ ನಂಬಿದ್ದ ಸುಳ್ಳಿನ ಪಕ್ಕದಲ್ಲೇ ಇನ್ನೊಂದು ಸುಳ್ಳು ಬಂದು ಕೂರುತ್ತಿತ್ತು.

"ಊಂ ಸಾ, ಇವರ ಸ್ಟೂಡೆಂಟೇ" ಎಂದು ಅವಳು ಮುನಿಆಂಜಿನಪ್ಪನವರಿಗೆ ಹೇಳಿದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. "ನಂಗೆ ಏನೇನ್ ಕಲಿಸಿದ್ರಿ, ನೀವೇ ಏಳಿ ಸಾ."

ಮೇಷ್ಟ್ರು ನಗಲು ನೋಡಿದರು. ಅವಳು ನಗಲಿಲ್ಲ. ಸತೀಶ್ "ಬಿಡಿ ಅಕ್ಕಾ" ಎಂದ. ಅವಳು ಬಿಡಲಿಲ್ಲ, ಜಾಗ ಬಿಟ್ಟು ಅಲುಗಾಡಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಸ್ನೇಹಾ ತಾತನ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರು ಅವಳ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದರು. ಕೈಯಲ್ಲಿದ್ದ ಖಾಲಿ ಚೊಂಬನ್ನು ಎಲ್ಲಿಡುವುದೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಏನೂ ಕಲಿಸಲಿಲ್ಲ" ಎಂದರು ಕೊನೆಗೆ.

"ಆಂ? ಏನಂದ್ರು?" ಎಂದು ಮುನಿಆಂಜಿನಪ್ಪ ಕಿವಿಗೆ ಕೈ ಅಡ್ಡ ಹಿಡಿದರು.

ಅಲ್ಲಿಗೆ ಸಾಕು ಎನ್ನಬಹುದಿತ್ತು. ಬೇರೆ ಯಾರಾದರೂ ಅನ್ನುತ್ತಿದ್ದರೇನೋ.

"ಜೋರಾಗೇಳಿ ಸಾ" ಎಂದಳು ಮುನಿಕೃಷ್ಣಮ್ಮ. "ಅವರ್ಗೆ ಕೇಳಿಸ್ನಿಲ್ಲ."

ಮೇಷ್ಟ್ರು ಜೋರಾಗಿ ಹೇಳಿದರು. ಬಚ್ಚಲಿನ ಗೋಡೆಗಳ ನಡುವೆ ಆ ಮಾತು ಒಮ್ಮೆ ಮೊಳಗಿತು. ಮುನಿಆಂಜಿನಪ್ಪನವರು ಕೇಳಿಸಿಕೊಂಡು, ಇಬ್ಬರ ಮುಖವನ್ನೂ ನೋಡಿ, ನಲವತ್ತು ಬಚ್ಚಲಿನ ಮಾತೆತ್ತದೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಸ್ಕೂಟರಿನಲ್ಲಿ ಹಿಂದೆ ಕೂತ ಗೌಹರ್ ರೈಲ್ವೆ ಗೇಟು ದಾಟಿದ ಮೇಲೆ, "ನಲವತ್ತು ಬಚ್ಚಲು ಹೋಯ್ತಲ್ಲ ಅಕ್ಕಾ" ಎಂದ.

"ಓಗ್ಲಿ ಬಿಡೋ" ಎಂದಳು ಅವಳು. ಅವಳಿಗೆ ತುಂಬ ಸಂತೋಷವಾಗಿತ್ತು, ಆ ಸಂತೋಷಕ್ಕೆ ಅವಳು ಎಳ್ಳಷ್ಟೂ ನಾಚಿಕೊಳ್ಳಲಿಲ್ಲ.